ಹಸಿರು ಫಲಕ, ಮೂರು ಟನ್ ಭಾರ

ಕೋಲ್ಕತ್ತಕ್ಕೆ ವಿದ್ಯುತ್ ವಾಹನ ಹೊಸದಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಯನ್ನು ತಲುಪಿದ್ದು 1902ರಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಕೋಲ್ಕತ್ತದ ಎಸ್‌ಪ್ಲನೇಡ್‌ನಿಂದ ಖಿದಿರ್‌ಪುರದ ಕಡೆಗೆ ಮೊದಲ ವಿದ್ಯುತ್ ಟ್ರಾಮ್ ಹೊರಟಿತು. ಅದಕ್ಕೂ ಮೊದಲು, 1873ರಲ್ಲಿ, ಅಲ್ಲಿ ಟ್ರಾಮ್ ಎಳೆದದ್ದು ಕುದುರೆಗಳು. ಬಂಗಾಳಿಯಲ್ಲೂ ಗಾಡಿ ಎಂದರೆ ಗಾಡಿಯೇ. ಟ್ರಾಮ್‌ಗಾಡಿ ಆ ಊರಿನ ಸಾಮಾನ್ಯರ ಗಾಡಿಯಾಗಿ ಶತಮಾನ ದಾಟಿತು.

2024ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಸಾರಿಗೆ ಸಚಿವರು ಆ ಗಾಡಿಗೆ ವಿದಾಯ ಹೇಳಿದರು. ಮೈದಾನದಿಂದ ಎಸ್‌ಪ್ಲನೇಡ್‌ವರೆಗಿನ ಒಂದು ತುಂಡು ದಾರಿ ಮಾತ್ರ ‘ಹೆರಿಟೇಜ್’ ಸವಾರಿಯಾಗಿ ಉಳಿಯುತ್ತದೆ, ಮಿಕ್ಕದ್ದು ಬಂದ್ ಎಂದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 2025ರ ಜನವರಿಯಲ್ಲಿ, ಮರ್ಸಿಡಿಸ್ ಕಂಪನಿ ತನ್ನ ವಿದ್ಯುತ್ ಜಿ-ಕ್ಲಾಸ್ ಎಸ್‌ಯುವಿಯನ್ನು, ಅಂದರೆ ಜಿ 580 ಅನ್ನು, ಭಾರತದ ಮಾರುಕಟ್ಟೆಗೆ ಬಿಟ್ಟಿತು. ಬೆಲೆ 3 ಕೋಟಿ ರೂಪಾಯಿ. ಒಂದು ವಿದ್ಯುತ್ ಗಾಡಿ ಹಳತೆಂದು ಮೂಲೆ ಸೇರುತ್ತಿದೆ, ಇನ್ನೊಂದು ಭವಿಷ್ಯವೆಂದು ಮೆರೆಯುತ್ತಿದೆ. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸವನ್ನು ವಾಹನ ಪುಟಗಳ ವಿಮರ್ಶಕರು ಮಾಡುವುದಿಲ್ಲ.

ಕಾರಿನ ಎಂಜಿನಿಯರಿಂಗ್ ಬೆರಗಿನದು ಎಂಬುದನ್ನು ಮೊದಲೇ ಒಪ್ಪಿಬಿಡಬೇಕು. ಒಂದೊಂದು ಚಕ್ರಕ್ಕೆ ಒಂದೊಂದು ಮೋಟಾರು, ಒಟ್ಟು ನಾಲ್ಕು. ಎಡಗಡೆಯ ಚಕ್ರಗಳನ್ನು ಒಂದು ದಿಕ್ಕಿಗೆ, ಬಲಗಡೆಯವನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಸಡಿಲ ನೆಲದ ಮೇಲೆ ಗಾಡಿ ನಿಂತಲ್ಲೇ ಬುಗುರಿಯಂತೆ ಸುತ್ತುತ್ತದೆ. 850 ಮಿಲಿಮೀಟರ್ ಆಳದ ನೀರಿನಲ್ಲಿ ಸಾಗುತ್ತದೆ. ಮೂರು ಟನ್ ಮೀರಿದ ತೂಕವಿದ್ದರೂ ಐದು ಸೆಕೆಂಡಿನೊಳಗೆ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟುತ್ತದೆ. ಇಷ್ಟನ್ನೂ ಸಾಧ್ಯವಾಗಿಸುವ ಬ್ಯಾಟರಿಯಲ್ಲಿ 116 ಯೂನಿಟ್ ವಿದ್ಯುತ್ ತುಂಬುತ್ತದೆ. ಎರಡು ಸಲ ಪೂರ್ತಿ ಚಾರ್ಜ್ ಮಾಡಿದರೆ ಕರ್ನಾಟಕದ ಗೃಹಜ್ಯೋತಿ ಯೋಜನೆಯ ತಿಂಗಳ ಮಿತಿ 200 ಯೂನಿಟ್ ದಾಟಿಹೋಗುತ್ತದೆ.

ಆಕರ್ಷಣೆ ಎಲ್ಲಿದೆ ಎಂಬುದೂ ಗುಟ್ಟೇನಲ್ಲ. ಹಣವಂತರಿಗೆ ಗಾತ್ರ ಬೇಕು, ಎತ್ತರ ಬೇಕು, ಬಲ ಬೇಕು. ಡೀಸೆಲ್ ಎಸ್‌ಯುವಿಯಲ್ಲಿ ಇದೆಲ್ಲದರ ಜೊತೆಗೆ ಒಂದಿಷ್ಟು ಮುಜುಗರವೂ ಬರುತ್ತಿತ್ತು. ವಿದ್ಯುತ್ ಎಸ್‌ಯುವಿ ಆ ಮುಜುಗರವನ್ನು ಕಳೆಯುತ್ತದೆ. ಕಾನೂನೇ ಕೊಟ್ಟ ಹಸಿರು ನಂಬರ್ ಪ್ಲೇಟು ಅದರ ಮುಂದೆ ಹಿಂದೆ ಇರುತ್ತದೆ. ಅಲ್ಲಿ ಮಾರಾಟವಾಗುತ್ತಿರುವುದು ಕಾರು ಮಾತ್ರವಲ್ಲ, ಪಾಪಮುಕ್ತಿಯ ಚೀಟಿ ಕೂಡ.

ಚೀಟಿಯ ಭಾಷೆಯನ್ನು ಬಿಡಿಸಿ ಓದಬೇಕು. ‘ಶೂನ್ಯ ಮಾಲಿನ್ಯ’ ಎಂಬುದು ಮೂಲದಲ್ಲಿ ‘ಹೊಗೆಕೊಳವೆಯಿಂದ ಶೂನ್ಯ ಮಾಲಿನ್ಯ’ ಎಂದಿತ್ತು. ಜಾಹೀರಾತಿಗೆ ಬರುವಾಗ ಮೊದಲ ಪದ ಕಳಚಿಬಿತ್ತು. ಕೊಳವೆ ಕಾರಿನಲ್ಲಿಲ್ಲ ನಿಜ, ಬೇರೆ ಕಡೆ ಇದೆ. ಕೋಲ್ಕತ್ತದ ಮಟ್ಟಿಗೆ ಅದು ಊರಿನ ದಕ್ಷಿಣಕ್ಕೆ, ಹೂಗ್ಲಿ ದಂಡೆಯ ಬಜ್‌ಬಜ್‌ನಲ್ಲಿ ನಿಂತಿದೆ: ನಗರಕ್ಕೆ ವಿದ್ಯುತ್ ಕೊಡುವ ಸಿಇಎಸ್‌ಸಿ ಕಂಪನಿಯ 750 ಮೆಗಾವಾಟ್ ಕಲ್ಲಿದ್ದಲು ಸ್ಥಾವರ.

ಲೆಕ್ಕ ಸರಳ. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮೂರು ಟನ್ನಿನ ಈ ಗಾಡಿಗೆ ನೂರು ಕಿಲೋಮೀಟರ್ ಓಡಲು 27 ಯೂನಿಟ್‌ಗೂ ಹೆಚ್ಚು ಬೇಕು. ಅಲ್ಲಿಗೆ 19 ಕಿಲೋ ಆಯಿತು. ಲೀಟರಿಗೆ 20 ಕಿಲೋಮೀಟರ್ ಕೊಡುವ ಸಣ್ಣ ಪೆಟ್ರೋಲ್ ಕಾರು ಅದೇ ದೂರಕ್ಕೆ ಐದು ಲೀಟರ್ ಕುಡಿದು ಹನ್ನೊಂದೂವರೆ ಕಿಲೋ ಉಗುಳುತ್ತದೆ. ಕಚ್ಚಾತೈಲ ತೆಗೆದು, ಸಂಸ್ಕರಿಸಿ, ಸಾಗಿಸುವ ಬಾಬತ್ತನ್ನು ಸೇರಿಸಿದರೂ ಹದಿನಾಲ್ಕರ ಆಸುಪಾಸು. ಸಣ್ಣ ವಿದ್ಯುತ್ ಕಾರಾದರೋ ಹದಿಮೂರು ಯೂನಿಟ್‌ನಲ್ಲಿ, ಅಂದರೆ ಒಂಬತ್ತು ಕಿಲೋದಲ್ಲಿ, ಕೆಲಸ ಮುಗಿಸುತ್ತದೆ. ವಿದ್ಯುತ್ ಮೋಟಾರು ಒಳ್ಳೆಯದೇ. ಅದರ ಲಾಭವನ್ನೆಲ್ಲ ನುಂಗುತ್ತಿರುವುದು ತೂಕ.

ಅದೇ ಗಾತ್ರದ ಪೆಟ್ರೋಲ್ ಎಸ್‌ಯುವಿಗಿಂತ ಇದು ಎಷ್ಟೋ ಮೇಲು ಎನ್ನುವ ವಾದವಿದೆ. ಹೌದು, ಮೇಲು. ಆದರೆ ಆನೆಯನ್ನು ಆನೆಯ ಜೊತೆಗೇ ಹೋಲಿಸುತ್ತಾ ಕೂತರೆ ಯಾವ ಆನೆಯೂ ದಪ್ಪ ಕಾಣುವುದಿಲ್ಲ. ಇನ್ನೊಂದು ವಾದ: ಶ್ರೀಮಂತರು ಮೊದಲು ಕೊಂಡರೆ ತಂತ್ರಜ್ಞಾನ ಅಗ್ಗವಾಗಿ ಕೆಳಗಿಳಿಯುತ್ತದೆ. ಭಾರತದಲ್ಲಿ ಹಾಗೆ ನಡೆದೇ ಇಲ್ಲ. ಇಲ್ಲಿ ವಿದ್ಯುತ್ ಕಾರು ರಸ್ತೆಗಿಳಿದದ್ದು 2001ರಲ್ಲಿ, ಬೆಂಗಳೂರಿನ ರೇವಾ ರೂಪದಲ್ಲಿ, ಇಬ್ಬರು ದೊಡ್ಡವರು ಕೂರುವಷ್ಟು ಪುಟ್ಟದಾಗಿ. ಆಮೇಲೆ ಸಂಖ್ಯೆಯಲ್ಲಿ ಹಬ್ಬಿದ್ದು ಇ-ರಿಕ್ಷಾ ಮತ್ತು ಸ್ಕೂಟರ್. ಬಂಗಾಳದ ಊರೂರಲ್ಲಿ ಓಡುವ ಇ-ರಿಕ್ಷಾಕ್ಕೆ ಜನ ಇಟ್ಟ ಹೆಸರು ಟೋಟೊ. ಒಂದು ಜಿ 580ರ ಬ್ಯಾಟರಿಯಷ್ಟು ಶಕ್ತಿಯಲ್ಲಿ ಹದಿನೈದು ಇಪ್ಪತ್ತು ಟೋಟೊಗಳ ಬ್ಯಾಟರಿ ತುಂಬಬಹುದು.

ಇನ್ನು ಸರ್ಕಾರದ ಔದಾರ್ಯ. 2019ರ ಆಗಸ್ಟ್‌ನಿಂದ ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿ ಶೇಕಡಾ 5. ಅದಕ್ಕೆ ಬೆಲೆಯ ಮಿತಿಯಿಲ್ಲ, ತೂಕದ ಮಿತಿಯೂ ಇಲ್ಲ. 2025ರ ಸೆಪ್ಟೆಂಬರ್‌ವರೆಗೆ ಬೈಸಿಕಲ್ಲಿನ ಮೇಲೆ ಇದ್ದದ್ದು ಶೇಕಡಾ 12. ಅಂದರೆ ಆರು ವರ್ಷ ಕಾಲ, ಪೆಡಲು ತುಳಿದು ಕೆಲಸಕ್ಕೆ ಹೋಗುವವರ ಸೈಕಲ್ಲಿಗೆ ಕೋಟ್ಯಧಿಪತಿಯ ಕಾರಿಗಿಂತ ಎರಡು ಪಟ್ಟಿಗೂ ಮಿಕ್ಕಿದ ದರದ ತೆರಿಗೆ ಇತ್ತು. ಸಣ್ಣ ಪೆಟ್ರೋಲ್ ಕಾರಿಗೆ ಈಗಲೂ ಶೇಕಡಾ 18. ವಿದೇಶದಿಂದ ಪೂರ್ತಿ ಜೋಡಿಸಿ ತರುವ ಗಾಡಿಗೆ ದೊಡ್ಡ ಆಮದು ಸುಂಕ ಉಂಟಲ್ಲ ಎನ್ನಬಹುದು. ಆ ಸುಂಕ ಬೀಳುವುದು ಅದು ಪರದೇಶಿ ಎಂಬುದಕ್ಕೆ, ಭಾರಕ್ಕಲ್ಲ. ಮರ್ಸಿಡಿಸ್‌ನದೇ ಇಕ್ಯೂಎಸ್ ಎಸ್‌ಯುವಿಯನ್ನು ಪುಣೆ ಬಳಿಯ ಚಾಕಣ್‌ನಲ್ಲೇ ಜೋಡಿಸಿ, 2024ರಲ್ಲಿ 1.41 ಕೋಟಿಗೆ ಮಾರುಕಟ್ಟೆಗೆ ತರಲಾಯಿತು. ಪಶ್ಚಿಮ ಬಂಗಾಳವೂ 2022ರ ಏಪ್ರಿಲ್‌ನಿಂದ ಎರಡು ವರ್ಷ ವಿದ್ಯುತ್ ವಾಹನಗಳಿಗೆ ನೋಂದಣಿ ಶುಲ್ಕ, ರಸ್ತೆ ತೆರಿಗೆ ಎರಡನ್ನೂ ಬಿಟ್ಟುಕೊಟ್ಟಿತು.

ಆದರೆ ಕೋಲ್ಕತ್ತದಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ವಿದ್ಯುತ್ತಲ್ಲ, ರಸ್ತೆ. ನಗರದ ವಿಸ್ತೀರ್ಣದಲ್ಲಿ ರಸ್ತೆಯ ಪಾಲು ಶೇಕಡಾ 6ರ ಆಸುಪಾಸು ಎಂಬುದು ಆ ಊರಿನ ಬಗ್ಗೆ ಸದಾ ಕೇಳಿಬರುವ ಲೆಕ್ಕ. ಟ್ರಾಮ್ ನಿಲ್ಲಿಸಲು ಸರ್ಕಾರ ಕೊಟ್ಟ ಕಾರಣವೂ ಅದೇ: ಜಾಗ ಕಡಿಮೆ, ಟ್ರಾಮ್ ನಿಧಾನ, ಅದರಿಂದ ದಟ್ಟಣೆ. ಟ್ರಾಮ್ ನಿಧಾನವಾದದ್ದು ತಾನಾಗಿಯೇ? ಒಂದು ಕಾಲಕ್ಕೆ ಅದರ ಹಳಿಗಳು ರಸ್ತೆಯಿಂದ ಬೇರೆಯಾಗಿ, ಹುಲ್ಲಿನ ಪಟ್ಟಿಯ ನಡುವೆ ಸಾಗುತ್ತಿದ್ದವು. ಆ ಜಾಗಕ್ಕೆ ಕಾಂಕ್ರೀಟ್ ಸುರಿದು ಕಾರುಗಳಿಗೆ ದಾರಿ ಬಿಡಲಾಯಿತು. ಕಾರುಗಳ ಹಿಂದೆ ಸಿಕ್ಕಿಕೊಂಡ ಟ್ರಾಮ್ ನಿಧಾನವಾಯಿತು. ನಿಧಾನವಾದದ್ದರಿಂದ ಜನ ಬಿಟ್ಟರು, ಜನ ಬಿಟ್ಟದ್ದರಿಂದ ಮಾರ್ಗ ಮುಚ್ಚಿತು. 2011ರಲ್ಲಿ 37 ಇದ್ದ ಮಾರ್ಗಗಳು ಎರಡು ಮೂರಕ್ಕೆ ಇಳಿದವು. 2013ರಲ್ಲಿ ನಗರ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ಲನ್ನೂ ನಿಷೇಧಿಸಿದರು. ಹೊಗೆಯೇ ಇಲ್ಲದ ಎರಡು ಸವಾರಿಗಳನ್ನು ದಾರಿಯಿಂದ ಸರಿಸಿದ ಊರಿನಲ್ಲಿ ಹಸಿರು ಫಲಕದ ಎಸ್‌ಯುವಿಗೆ ಸ್ವಾಗತ!

ಟ್ರಾಮ್‌ನ ಎಂಜಿನಿಯರಿಂಗ್ ಬಗ್ಗೆ ಯಾವ ವಾಹನ ಪತ್ರಿಕೆಯೂ ಬರೆಯುವುದಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಆಗುವ ತಡೆ, ಡಾಂಬರಿನ ಮೇಲೆ ರಬ್ಬರ್ ಟೈರು ಉರುಳುವಾಗಿನದರ ಐದನೇ ಒಂದು ಭಾಗಕ್ಕೂ ಕಡಿಮೆ. ಟೈರು ಸವೆದು ಗಾಳಿಗೆ ಸೇರುವ ದೂಳಿಲ್ಲ. ತಂತಿಯಿಂದ ನೇರ ವಿದ್ಯುತ್ ಬರುವುದರಿಂದ ಬ್ಯಾಟರಿ ಹೊರುವ ಕೆಲಸವಿಲ್ಲ, ಅದಕ್ಕೆ ಲಿಥಿಯಂ ಅಗೆಯಬೇಕಿಲ್ಲ. ಎರಡು ಡಬ್ಬಿಗಳಲ್ಲಿ ನೂರಕ್ಕೂ ಹೆಚ್ಚು ಜನ ಹೋಗುತ್ತಾರೆ. ಎಸ್‌ಯುವಿಯಲ್ಲಿ ಬಹುತೇಕ ವೇಳೆ ಇರುವುದು ಒಬ್ಬ ಯಜಮಾನ, ಒಬ್ಬ ಡ್ರೈವರ್.

ಟ್ರಾಮ್‌ಗೆ ಸಿಕ್ಕಿದ್ದು ‘ಹೆರಿಟೇಜ್’ ಎಂಬ ಬಿರುದು. ಓಡುತ್ತಿರುವ ಗಾಡಿಯನ್ನು ಪರಂಪರೆ ಎಂದು ಕರೆಯುವುದು ಬದುಕಿರುವವರ ಫೋಟೊಗೆ ಹಾರ ಹಾಕಿದಂತೆ. ಗೌರವ ಎನಿಸುತ್ತದೆ, ಸಂದೇಶ ಮಾತ್ರ ಸ್ಪಷ್ಟ. ನಾಗರಿಕರು ಕೋರ್ಟಿಗೆ ಹೋದರು. ಹಳಿಗಳ ಮೇಲೆ ಡಾಂಬರು ಹಾಕಿ ಮುಚ್ಚುವುದನ್ನು ನಿಲ್ಲಿಸುವಂತೆ ಕಲ್ಕತ್ತಾ ಹೈಕೋರ್ಟ್ 2025ರ ಆರಂಭದಲ್ಲಿ ಹೇಳಬೇಕಾಯಿತು.

ಈ ಆಯ್ಕೆಗಳ ಬೆಲೆ ತೆರುವವರು ಯಾರು ಎಂಬುದನ್ನು ಅದೇ ವರ್ಷದ ಸೆಪ್ಟೆಂಬರ್ 22ರ ರಾತ್ರಿ ಸುರಿದ ಮಳೆ ತೋರಿಸಿತು. ದುರ್ಗಾಪೂಜೆಯ ಹೊಸ್ತಿಲಲ್ಲಿ, ಒಂದೇ ದಿನದಲ್ಲಿ 250 ಮಿಲಿಮೀಟರ್‌ನಷ್ಟು ಮಳೆ ಬಿದ್ದು ಬೀದಿಗಳು ಕಾಲುವೆಗಳಾದವು. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ನಿಂತ ನೀರಿನಲ್ಲಿ ಹರಿದ ಕರೆಂಟು. ತೊಡೆಯುದ್ದದ ನೀರಿನಲ್ಲೂ ಸುರಕ್ಷಿತವಾಗಿ ಸಾಗುವ ವಿದ್ಯುತ್ ಕಾರು ತಯಾರಿಸುವ ಜ್ಞಾನ ಜಗತ್ತಿನಲ್ಲಿದೆ. ಅದೇ ನೀರಿನಲ್ಲಿ ನಡೆದು ಹೋಗುವವರಿಗೆ ಕರೆಂಟು ತಗುಲದಂತೆ ಬೀದಿಯ ಕಂಬ, ತಂತಿಗಳನ್ನು ಇಡುವ ಜ್ಞಾನ ಅದಕ್ಕಿಂತ ಹಳೆಯದು, ಅಗ್ಗದ್ದು. ಕೊರತೆ ಇರುವುದು ಎಂಜಿನಿಯರಿಂಗ್‌ನಲ್ಲಲ್ಲ, ಅದನ್ನು ಯಾರಿಗಾಗಿ ಬಳಸಬೇಕು ಎಂಬ ನಿರ್ಧಾರದಲ್ಲಿ.

ಬೇರೆ ದಾರಿಗಳು ಕಣ್ಣೆದುರಿಗೇ ಇವೆ. ವಿದ್ಯುತ್ ಕಾರುಗಳ ಸ್ವರ್ಗವೆನಿಸಿದ ನಾರ್ವೆ 2023ರಿಂದ ತೂಕಕ್ಕೆ ತೆರಿಗೆ ಹಾಕುತ್ತಿದೆ. ಬೆಲೆ ಒಂದು ಮಿತಿ ದಾಟಿದರೆ ವ್ಯಾಟ್ ರಿಯಾಯಿತಿಯನ್ನೂ ಹಿಂತೆಗೆಯುತ್ತದೆ. 2024ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಮತದಾರರು ಭಾರಿ ಕಾರುಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಲು ಒಪ್ಪಿದರು. ಎರಡು ಟನ್ ಮೀರಿದ ವಿದ್ಯುತ್ ಕಾರುಗಳಿಗೂ ವಿನಾಯಿತಿ ಇರಲಿಲ್ಲ. 2016ರಿಂದ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆಯನ್ನೇ ಬಿಟ್ಟಿದ್ದ ಕರ್ನಾಟಕ ಕೂಡ 2024ರಲ್ಲಿ, 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇಕಡಾ 10ರ ಆಜೀವ ತೆರಿಗೆ ಹಾಕಿತು. ಆಗ ಉದ್ಯಮ ಮುಳುಗಿತೆಂಬ ಕೂಗು ಎದ್ದಿತು. ನಿಜದಲ್ಲಿ ಅದು ತಡವಾಗಿ ಬಂದ ವಿವೇಕ.

ಹಾಗಾಗಿ ಕೇಳಬೇಕಾದದ್ದು ಇಷ್ಟು. ಶೇಕಡಾ 5ರ ಜಿಎಸ್‌ಟಿಗೆ ತೂಕದ ಮಿತಿ ಬರಲಿ. ಪಾರ್ಕಿಂಗ್ ಶುಲ್ಕ ಗಾಡಿ ಆಕ್ರಮಿಸುವ ಜಾಗಕ್ಕೆ ತಕ್ಕಂತೆ ಇರಲಿ. ಅದರಿಂದ ಬಂದ ದುಡ್ಡು ಟ್ರಾಮ್‌ಗೆ, ಬಸ್ಸಿಗೆ, ಫುಟ್‌ಪಾತಿಗೆ ಹೋಗಲಿ. ಕೋಲ್ಕತ್ತದ ಹಳಿಗಳ ಮೇಲಿನ ಕಾಂಕ್ರೀಟನ್ನು ಒಡೆದು ಟ್ರಾಮ್‌ಗೆ ಅದರದೇ ದಾರಿ ಮರಳಿಸಲಿ. ಮೂರು ಕೋಟಿ ಕೊಟ್ಟು ಕಾರು ಕೊಳ್ಳುವವರು ಧಾರಾಳವಾಗಿ ಕೊಳ್ಳಲಿ, ಅದು ಅವರ ದುಡ್ಡು. ಆದರೆ ರಸ್ತೆ ಅವರದಲ್ಲ, ‘ಹಸಿರು’ ಎಂಬ ಪದವೂ ಅವರದಲ್ಲ. ಎರಡಕ್ಕೂ ಬಾಡಿಗೆ ಕೊಡಲಿ.