ಬಸಿರೂ ಬಿಟ್ಟಿ ಚಾಕರಿಯೇ?

ಪಾಳ್ಯದ ಕಡೆಯ ನಮ್ಮ ಕೇರಿಗಳಲ್ಲಿ ‘ಬಾಡಿಗೆ ತಾಯಿ’ ಅಂದರೆ ಜನ ನಗ್ತಾರೆ, ತಪ್ಪು ತಿಳೀತಾರೆ. ಬಂಧುಗಳೇ, ಇದರಲ್ಲಿ ಎರಡು ಬಗೆ. ಒಂದರಲ್ಲಿ ಹೊರುವವಳದೇ ಅಂಡ, ಮಗು ರಕ್ತದಿಂದಲೂ ಅವಳದೇ. ಇದನ್ನು 2021ರ ಕಾಯ್ದೆ ನಿಷೇಧಿಸಿದೆ. ಇನ್ನೊಂದರಲ್ಲಿ ಬೇರೆಯವರ ಭ್ರೂಣ ತಂದು ಅವಳ ಗರ್ಭದಲ್ಲಿ ಇಡ್ತಾರೆ. ಒಂಬತ್ತು ತಿಂಗಳು ಉಣಿಸಿದರೂ ಕಾಗದದಲ್ಲಿ ಮಗು ಅವಳದಲ್ಲ.

ದುಡ್ಡಿನ ಲೆಕ್ಕ ಬೇರೆ. ಗುಜರಾತಿನ ಆನಂದ್ ಪಟ್ಟಣದಲ್ಲಿ ಬಡ ಹೆಂಗಸರು ಪರದೇಶದವರಿಗೆ ಹೆತ್ತುಕೊಟ್ಟು ಹಣ ತಗೊಳ್ತಿದ್ದರು. 2015ರಲ್ಲಿ ಪರದೇಶದವರಿಗೆ ಬಾಗಿಲು ಮುಚ್ಚಿತು. 2022ರ ಜನವರಿಯಿಂದ ದುಡ್ಡಿನ ಬಾಡಿಗೆಯೇ ಅಪರಾಧ, ನಡೆಸಿದವರಿಗೆ 10 ವರ್ಷದವರೆಗೆ ಜೈಲು. ಈಗ ಮದುವೆಯಾಗಿ ಸ್ವಂತ ಮಗು ಇರುವ, 25ರಿಂದ 35ರ ಹೆಂಗಸು ಜೀವಮಾನದಲ್ಲಿ ಒಂದೇ ಸಲ, ಪುಕ್ಕಟೆ ಹೊರಬೇಕು. ಆಸ್ಪತ್ರೆ ಖರ್ಚು, 36 ತಿಂಗಳ ವಿಮೆ ಇದೆ. ಕೂಲಿ ಇಲ್ಲ.

ಇದಕ್ಕೆ ಪರೋಪಕಾರ ಅಂತ ಹೆಸರು. ಆ ಹೆಸರು ನಮಗೆ ಹೊಸದಲ್ಲ. ನಮ್ಮಜ್ಜಿಯರು ಗೌಡರ ಕೊಟ್ಟಿಗೆ ಬಾಚಿದ್ದೂ, ಸೂಲಗಿತ್ತಿಯರಾಗಿ ಅವರ ಕೂಸೆತ್ತಿ ಹೊಸಿಲಾಚೆ ಕೂತು ಉಂಡದ್ದೂ ಬಿಟ್ಟಿಯೇ. ಡಾಕ್ಟರು, ವಕೀಲರು, ಲ್ಯಾಬಿನವರು ಯಾರೂ ಪುಕ್ಕಟೆ ದುಡಿಯೋದಿಲ್ಲ. ಹೊರುವವಳು ಮಾತ್ರ ಯಾಕೆ? ದುಡ್ಡು ಬಿಟ್ಟರೆ ದಲ್ಲಾಳಿ ಬರ್ತಾನೆ ಅಂತೀರಿ. ಬರ್ತಾನೆ, ನಿಜ. ಕಾಫಿ ತೋಟಕ್ಕೆ ಆಳು ತರೋ ಮೇಸ್ತ್ರಿಯನ್ನ ಕಂಡವರು ನಾವು. ಮೇಸ್ತ್ರಿ ಕದೀತಾನೆ ಅಂತ ಕೂಲಿಯನ್ನೇ ತೆಗೆದುಹಾಕ್ತಾರಾ?

ಭ್ರೂಣ ಇಡೋ ಮುಂಚೆ ಒಲ್ಲೆ ಅನ್ನಬಹುದು ಅಂತ ಕಾಯ್ದೆ ಹೇಳ್ತದೆ. ಧಣಿಯ ನೆಂಟರು ಬಂದು ಕೇಳಿದಾಗ, ತೋಟದ ಸಾಲ ಇರೋ ಲೈನುಮನೆ ಹೆಂಗಸು ಎಲ್ಲಿ ನಿಂತು ಒಲ್ಲೆ ಅಂತಾಳೆ? ಒಪ್ಪಿಗೆ ಕೊಡೋ ಅಧಿಕಾರಿಗಳು ಗಂಡ, ಧಣಿ ಯಾರೂ ಇಲ್ಲದ ಕಡೆ ಅವಳನ್ನ ಕೂರಿಸಿ ಕೇಳಲಿ. ಹೊರುವ ಅಷ್ಟೂ ತಿಂಗಳಿಗೆ ಕೂಲಿ ಬರೆದುಕೊಡಲಿ.