ತಪಾಸಣೆ ಮುಗಿಯಿತು, ಚಿಕಿತ್ಸೆ ಯಾವಾಗ?

ಹಿಂದುಳಿದ ತಾಲ್ಲೂಕಿನ ಶಾಲೆಯೊಂದರಲ್ಲಿ ಉಚಿತ ಆರೋಗ್ಯ ತಪಾಸಣೆ ನಡೆದರೆ ಮರುದಿನದ ಸುದ್ದಿಯಲ್ಲಿ ಎದ್ದು ಕಾಣುವುದು ಒಂದೇ ಅಂಕಿ: ಎಷ್ಟು ಮಕ್ಕಳನ್ನು ಪರೀಕ್ಷಿಸಲಾಯಿತು ಎಂಬುದು. ದೋಷ ಕಂಡವರಲ್ಲಿ ಎಷ್ಟು ಮಕ್ಕಳು ಆಸ್ಪತ್ರೆ ಮುಟ್ಟಿದರು, ಎಷ್ಟು ಮಂದಿಗೆ ಗುಣವಾಯಿತು ಎಂದು ಕೇಳಿದರೆ ಉತ್ತರ ಕೊಡುವವರು ಸಿಗುವುದಿಲ್ಲ. ಶಿಬಿರಕ್ಕೆ ಬಂದು ಭಾಷಣ ಮಾಡುವ ಜನಪ್ರತಿನಿಧಿಗಳು ಉತ್ತರಿಸಬೇಕಾದ ಪ್ರಶ್ನೆ ಇದು.

ಯೋಜನೆ ಕೆಟ್ಟದೆಂದು ನಾನು ಹೇಳುತ್ತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಆಯುಷ್ ವೈದ್ಯರು, ನರ್ಸ್, ಫಾರ್ಮಸಿಸ್ಟ್ ಇರುವ ಸಂಚಾರಿ ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಹೋಗಬೇಕು. ಹೃದಯದ ರಂಧ್ರದಿಂದ ಹಿಡಿದು ಹಲ್ಲಿನ ಹುಳುಕಿನವರೆಗೆ ಎಲ್ಲವನ್ನೂ ನೋಡಬೇಕು. ಮುಂದಿನ ಚಿಕಿತ್ಸೆಯೂ ಉಚಿತ. ಕಾಗದದ ಮೇಲೆ ಕೊರತೆ ಏನೂ ಇಲ್ಲ.

ಕಿವಿ ಸೋರುವ ಮಗುವಿನ ವಿಷಯವನ್ನೇ ನೋಡಿ. ನೆಗಡಿಯಾದಾಗ ಕಿವಿಯೊಳಗೆ ಕೀವು ತುಂಬಿ ತಮಟೆ ತೂತಾಗುತ್ತದೆ. ಮನೆಯಲ್ಲಿ ಬಿಸಿ ಎಣ್ಣೆ ಬಿಡುತ್ತಾರೆ, ಹತ್ತಿ ತುರುಕುತ್ತಾರೆ. ಸೋರುವುದು ಒಮ್ಮೆ ನಿಲ್ಲುತ್ತದೆ, ಮಳೆಗಾಲಕ್ಕೆ ಮತ್ತೆ ಶುರು. ಅಷ್ಟರಲ್ಲಿ ಕೇಳಿಸುವುದು ಕಡಿಮೆಯಾಗಿರುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಅಂಥ ಹುಡುಗಿಯೊಬ್ಬಳಿಗೆ ಉಕ್ತಲೇಖನದ ಅರ್ಧ ಪದಗಳು ಕಿವಿಗೆ ಬೀಳುವುದೇ ಇಲ್ಲ. ‘ಲಕ್ಷ್ಯ ಇಲ್ಲ, ದಡ್ಡಿ’ ಎಂದು ಬೈಸಿಕೊಳ್ಳುತ್ತಾಳೆ. ತಪಾಸಣೆಯ ದಿನ ವೈದ್ಯರು ಟಾರ್ಚ್ ಹಾಕಿ ನೋಡಿ, ಜಿಲ್ಲಾಸ್ಪತ್ರೆಯ ಕಿವಿ ತಜ್ಞರಿಗೆ ತೋರಿಸಿ ಎಂದು ಚೀಟಿ ಬರೆಯುತ್ತಾರೆ. ಆ ಚೀಟಿ ಕಂಪಾಸು ಡಬ್ಬಿಯಲ್ಲಿ ಮಡಚಿ ಕೂರುತ್ತದೆ. ವರದಿಯಲ್ಲಿ ಅವಳು ‘ತಪಾಸಣೆಗೊಳಗಾದ’ ಮಗು. ತರಗತಿಯಲ್ಲಿ ಅವಳಿಗೆ ಮೊದಲಿನಷ್ಟೇ ಕೇಳಿಸುತ್ತದೆ.

‘ಉಚಿತ ಇದ್ದರೂ ಕರೆದುಕೊಂಡು ಹೋಗುವುದಿಲ್ಲ, ತಂದೆತಾಯಿಗೇ ಕಾಳಜಿಯಿಲ್ಲ’ ಎಂಬ ಮಾತು ಅಧಿಕಾರಿಗಳ ಬಾಯಲ್ಲಿ ಸಲೀಸಾಗಿ ಬರುತ್ತದೆ. ಇದು ಅನ್ಯಾಯದ ಮಾತು. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಒಳಹಳ್ಳಿಯಿಂದ ಜಿಲ್ಲಾಕೇಂದ್ರಕ್ಕೆ ಹೋಗಿ ಬರಲು ಒಂದು ಇಡೀ ದಿನ ಬೇಕು. ಊಟದ ಖರ್ಚು, ತಪ್ಪಿದ ಕೂಲಿ ಬೇರೆ. ಅಷ್ಟು ಮಾಡಿ ಹೋದರೆ ‘ತಜ್ಞರು ಇವತ್ತು ಇಲ್ಲ, ಸೋಮವಾರ ಬನ್ನಿ’ ಎನ್ನಿಸಿಕೊಂಡ ತಾಯಿ ಎರಡನೇ ಸಲ ಯಾವ ಧೈರ್ಯದ ಮೇಲೆ ಹೊರಡಬೇಕು? ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ದುಡ್ಡು ಬೇಡ ನಿಜ, ಆದರೆ ತಪ್ಪಿದ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ. ಇನ್ನು ಗುಳೆ ಹೋದ ಕುಟುಂಬಗಳ ಮಕ್ಕಳಂತೂ ತಂಡ ಬಂದ ದಿನ ಬೆಂಗಳೂರಿನ ಕಟ್ಟಡವೊಂದರ ಪಕ್ಕದ ಶೆಡ್ಡಿನಲ್ಲಿರುತ್ತಾರೆ.

ರಕ್ತಹೀನತೆಯ ಕಥೆ ಇನ್ನೂ ನೋವಿನದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಮುಂದೆ ಶಾಲೆಗೆ ಬರುವುದೂ ಇಂಥ ಮಕ್ಕಳೇ. ಅದೇ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡವೆಂದವರಿಗೆ ಬಾಳೆಹಣ್ಣು ಇತ್ತು, ಒತ್ತಾಯ ಯಾರಿಗೂ ಇರಲಿಲ್ಲ. ಆದರೂ ಹಸಿದ ಮಗುವಿನ ತಟ್ಟೆಯ ಮೇಲೆ ವಾರಗಟ್ಟಲೆ ವಾದ ನಡೆಯಿತು. ಕಣ್ಣಿನ ರೆಪ್ಪೆ ಕೆಳಗೆಳೆದು ‘ರಕ್ತ ಕಮ್ಮಿ’ ಎಂದು ಬರೆದ ಮೇಲೆ ಒಳ್ಳೆಯ ಊಟವೂ ಮದ್ದಿನ ಭಾಗವೇ. ಅದನ್ನು ತಡೆಯುವವರು ಮಗುವಿನ ಚಿಕಿತ್ಸೆಯನ್ನೇ ತಡೆಯುತ್ತಾರೆ.

ನನ್ನ ಬೇಡಿಕೆ ಸರಳ. ಕಿವಿ, ಕಣ್ಣು, ಹಲ್ಲಿನ ತಜ್ಞರು ನಿಗದಿತ ದಿನ ತಾಲ್ಲೂಕು ಆಸ್ಪತ್ರೆಗೇ ಬರಲಿ. ಚೀಟಿ ಪಡೆದ ಮಕ್ಕಳನ್ನು ಅಲ್ಲಿಗೆ ಕರೆತರಲು ವಾಹನ ಇರಲಿ, ಜೊತೆಗೆ ಬರುವವರಿಗೆ ಒಂದು ದಿನದ ಕೂಲಿ ಸಿಗಲಿ. ತಪಾಸಣೆಯ ವೇಳಾಪಟ್ಟಿ ಗುಳೆಯ ತಿಂಗಳುಗಳನ್ನು ಬಿಟ್ಟು ಇರಲಿ. ಹಣವಿಲ್ಲ ಎನ್ನಬೇಡಿ. ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಯಾಣ ಕರ್ನಾಟಕದವು. ಇದೇ ಸೀಮೆಯ ಅಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಅದರಲ್ಲಿ ಈ ಖರ್ಚು ಎಷ್ಟರದು? ಮುಂದಿನ ವರ್ಷ ತಂಡ ಶಾಲೆಗೆ ಬಂದಾಗ ಹೊಸ ತಪಾಸಣೆಗೆ ಮೊದಲು ಹಿಂದಿನ ವರ್ಷ ಚೀಟಿ ಪಡೆದವರ ಪಟ್ಟಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಎದುರು ಓದಬೇಕು, ಚಿಕಿತ್ಸೆ ಸಿಗದ ಪ್ರತಿ ಮಗುವಿಗೂ ಕಾರಣ ಹೇಳಬೇಕು.