ಸಿಹಿ, ಖಾರ, ಕಾಫಿ

ಭಾನುವಾರದ ಬೆಳಿಗ್ಗೆ ಬೆಂಗಳೂರಿನ ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಹೆಸರಾದ ಹೋಟೆಲೊಂದರ ಮುಂದೆ ಐದು ನಿಮಿಷ ನಿಂತು ನೋಡಿದವರಿಗೆ, ಬೆಲೆಗಳು ಏರಿವೆಯೆಂಬ ಮಾತು ಬರಿಯ ಸುಳ್ಳೆಂದೇ ತೋರಬೇಕು. ಒಳಗೆ ಹೋಗಲು ಕಾದು ನಿಂತವರ ಗುಂಪು ಬಾಗಿಲನ್ನು ದಾಟಿ ರಸ್ತೆಗೆ ಇಳಿದಿರುತ್ತದೆ. ಆದರೆ ಒಳಹೊಕ್ಕು, ಮೇಜಿನ ಮೇಲೆ ಏನೇನು ಬಂದಿದೆ ಎಂದು ಗಮನಿಸಿದರೆ ಕಥೆ ಬೇರೆಯಾಗಿ ಕಾಣುತ್ತದೆ. ನಾಲ್ಕು ಮಂದಿಯ ಸಂಸಾರಕ್ಕೆ ಮೂರು ಮಸಾಲೆ ದೋಸೆ. ಒಂದು ತಟ್ಟೆ ಕೇಸರಿಭಾತಿಗೆ ನಾಲ್ಕು ಚಮಚ. ಎರಡು ಕಾಫಿ, ನಾಲ್ಕು ಲೋಟಗಳಲ್ಲಿ. ಜನ ಹೋಟೆಲನ್ನು ಬಿಟ್ಟಿಲ್ಲ. ಹೋಟೆಲಿನಲ್ಲಿ ತಿನ್ನುವ ಬಗೆಯನ್ನು ಸದ್ದಿಲ್ಲದೆ ಬದಲಾಯಿಸಿಕೊಂಡಿದ್ದಾರೆ.

ಈಗ ಅರವತ್ತು ದಾಟಿದವರಿಗೆ, ಹೋಟೆಲಿನ ಫಲಾಹಾರಕ್ಕೂ ಒಂದು ಶಾಸ್ತ್ರವಿದ್ದುದು ನೆನಪಿರುತ್ತದೆ. ಮೊದಲು ಸಿಹಿ, ಬಳಿಕ ಖಾರ, ಕೊನೆಗೆ ಕಾಫಿ. ಮಗ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿ, ಕಚೇರಿಯಲ್ಲಿ ಬಡ್ತಿ ದೊರೆಯಲಿ, ಊರಿನಿಂದ ಭಾವಮೈದ ಬಂದಿಳಿಯಲಿ, ಈ ಮೂರೂ ಆದ ಹೊರತು ಉಪಚಾರ ಪೂರ್ತಿಯಾಗುತ್ತಿರಲಿಲ್ಲ. ಬರಿಯ ಕಾಫಿ ಕುಡಿಸಿ ಕಳುಹಿಸಿದವನನ್ನು ಜಿಪುಣನೆಂದು ಕರೆಯಲು ಸ್ನೇಹಿತರು ಹಿಂಜರಿಯುತ್ತಿರಲಿಲ್ಲ. ಮಾಣಿಯು ಮೇಜಿನ ಬಳಿ ನಿಂತು ಅಂದಿನ ತಿಂಡಿಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುವಾಗ, ಬಾದಾಮಿ ಹಲ್ವದ ಹೆಸರು ಬಂದಲ್ಲಿ ಮಕ್ಕಳು ತಂದೆಯ ಮುಖವನ್ನು ನೋಡುತ್ತಿದ್ದವು.

ಈ ಮೂರರ ಪೈಕಿ ಮೊದಲು ಮೇಜು ಬಿಟ್ಟದ್ದು ಸಿಹಿ. ಸಕ್ಕರೆ ಕಾಯಿಲೆಯ ಭಯವೇ ಇದಕ್ಕೆ ಕಾರಣವೆಂದು ಹಲವರು ಹೇಳುತ್ತಾರೆ. ಆ ಭಯವೂ ಇದ್ದೀತು. ಆದರೆ ಮದುವೆಮನೆಯ ಪಂಕ್ತಿಯಲ್ಲಿ ಎರಡನೆಯ ಹೋಳಿಗೆಗೆ ಬೇಡವೆನ್ನದವರೇ ಹೋಟೆಲಿನಲ್ಲಿ ಮಾತ್ರ ವೈದ್ಯರ ಮಾತನ್ನು ಸ್ಮರಿಸುವುದನ್ನು ಕಂಡಾಗ, ಪಥ್ಯಕ್ಕೂ ದರಪಟ್ಟಿಗೂ ಏನೋ ನಂಟಿರಬೇಕೆಂಬ ಅನುಮಾನ ಏಳದಿರದು.

ಕಾಫಿ ಹೋಗಲಿಲ್ಲ, ಹೋಳಾಯಿತು. ಎರಡು ಇಂಗ್ಲಿಷ್ ಶಬ್ದಗಳನ್ನು ಸೇರಿಸಿ ಬೆಂಗಳೂರು 'ಬೈ ಟೂ' ಎಂಬ ತನ್ನದೇ ಪದವೊಂದನ್ನು ಮಾಡಿಕೊಂಡು ಬಹುಕಾಲವಾಯಿತು. ಒಂದು ಕಾಫಿಯನ್ನು ಎರಡು ಲೋಟಗಳಲ್ಲಿ ತರಿಸಿ ಕುಡಿಯುವ ಈ ಪದ್ಧತಿಯಲ್ಲಿ ಉಳಿತಾಯದಷ್ಟೇ ಸ್ನೇಹವೂ ಇದ್ದಿತು. ದಿನಕ್ಕೆ ನಾಲ್ಕು ಬಾರಿ ಸೇರುವ ಗೆಳೆಯರು ನಾಲ್ಕು ಬಾರಿಯೂ ತುಂಬಿದ ಲೋಟ ಕುಡಿಯುವುದಾದರೂ ಹೇಗೆ? ಈಗ ಆ ಮಾತಿನ ಸ್ವರ ಬದಲಾಗಿದೆ. ಗಲ್ಲಾದ ಮುಂದೆ ನಿಂತು, ತಲೆಯ ಮೇಲಿನ ದರಪಟ್ಟಿಯ ಕಡೆ ಒಮ್ಮೆ ಕತ್ತೆತ್ತಿ ನೋಡಿ, ಆಮೇಲೆ 'ಬೈ ಟೂ' ಎನ್ನುವವರು ಹೆಚ್ಚಾಗಿದ್ದಾರೆ. ಲೋಟವೂ ಕಿರಿದಾಗಿರುವುದರಿಂದ, ಪಾಲಿಗೆ ಬಂದ ಕಾಫಿ ಎರಡು ಗುಟುಕಿಗೆ ಮುಗಿದು ಮೂರನೆಯ ಗುಟುಕಿಗೆ ನೊರೆ ಮಾತ್ರ ಉಳಿಯುತ್ತದೆ. ಹೀಗೆ ಹಂಚಿಕೊಡುವುದು ಗಿಟ್ಟದೆಂದು 'ಬೈ ಟೂ ಇಲ್ಲ' ಎಂಬ ಹಲಗೆಯನ್ನು ತೂಗುಹಾಕಿದವರೂ ಇದ್ದಾರೆ.

ಹೋಟೆಲಿನವರನ್ನು ದೂರಿ ಪ್ರಯೋಜನವಿಲ್ಲ. ಒಂದು ಲೋಟ ಕಾಫಿಯ ಹಿಂದಿನ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ನಂದಿನಿ ಹಾಲಿನ ಬೆಲೆ 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ ಏರಿತು. 2024ರ ಜೂನಿನಲ್ಲಿ ಪೊಟ್ಟಣಕ್ಕೆ 50 ಮಿಲಿಲೀಟರ್ ಹಾಲು ಹೆಚ್ಚಾಗಿ ಬೆಲೆಗೆ 2 ರೂಪಾಯಿ ಕೂಡಿತು. 2025ರ ಏಪ್ರಿಲಿನಲ್ಲಿ ಲೀಟರಿಗೆ ಮತ್ತೆ 4 ರೂಪಾಯಿ. ಇನ್ನು ಕಾಫಿಯ ಬೀಜ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಭಾಗ ಬೆಳೆಯುವುದು ಕರ್ನಾಟಕದಲ್ಲಿಯೇ. ಆದರೆ ಅದರ ಬೆಲೆ ನಿಶ್ಚಯವಾಗುವುದು ಚಿಕ್ಕಮಗಳೂರಿನಲ್ಲಲ್ಲ. ಬ್ರೆಜಿಲ್ಲಿನಲ್ಲಿಯೂ ವಿಯೆಟ್ನಾಮಿನಲ್ಲಿಯೂ ಮಳೆ ಕೈಕೊಟ್ಟು ಬೆಳೆ ಕುಗ್ಗಿದ್ದರಿಂದ 2024-25ರಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಆ ಬಿಸಿ ಗಾಂಧಿಬಜಾರಿನ ಕಾಫಿಪುಡಿ ಅಂಗಡಿಗೂ ತಟ್ಟಿತು. ಹೋಟೆಲಿನ ಒಲೆಗೆ ಬೇಕಾದ 19 ಕಿಲೋ ತೂಕದ ಅನಿಲದ ಸಿಲಿಂಡರಿಗೆ ಮನೆಯ ಸಿಲಿಂಡರಿಗಿರುವ ರಿಯಾಯಿತಿಗಳಿಲ್ಲ. ತೆರಿಗೆಯೂ ಮನೆಯದಕ್ಕೆ ಶೇಕಡ 5 ಆದರೆ ಹೋಟೆಲಿನದಕ್ಕೆ 18. 2017ರ ನವೆಂಬರಿನಿಂದ ಹೋಟೆಲಿನ ತಿಂಡಿಗೆ ಶೇಕಡ 5ರಷ್ಟೇ ತೆರಿಗೆಯೆಂದು ಗಿರಾಕಿಗಳು ಸಂತೋಷಪಟ್ಟರು. ಆದರೆ ಮಾಲೀಕನು ಕಟ್ಟಡದ ಬಾಡಿಗೆಗೂ ಅನಿಲಕ್ಕೂ ತೆತ್ತ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲವಾಗಿ, ಆ ಭಾರವೂ ಇಡ್ಲಿಯ ತಟ್ಟೆಗೇ ಬಂದು ಸೇರುತ್ತದೆ.

ಬೆಲೆಯ ಬಿಕ್ಕಟ್ಟು ಈ ಊರಿನ ಹೋಟೆಲುಗಳಿಗೆ ಹೊಸತೇನೂ ಅಲ್ಲ. ಇಂದು ಬೆಂಗಳೂರಿಗರು ತಮ್ಮ ಪರಂಪರೆಯೆಂದು ಹೆಮ್ಮೆಪಡುವ ಎಷ್ಟೋ ಸಂಗತಿಗಳು ಹುಟ್ಟಿದ್ದೇ ಅಂಥ ಬಿಕ್ಕಟ್ಟಿನಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಕ್ಕಿಗೆ ಅಭಾವ ಬಂದಾಗ, 1924ರಲ್ಲಿ ಆರಂಭವಾಗಿದ್ದ ಮಾವಳ್ಳಿ ಟಿಫಿನ್ ರೂಮಿನ ಅಡಿಗೆಮನೆಯಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದರೆಂದು ಆ ಸಂಸ್ಥೆಯವರು ಹೇಳುತ್ತಾರೆ. ಬಡತನದ ಆ ಉಪಾಯ ಇಂದು ತುಪ್ಪ, ಗೋಡಂಬಿಗಳಿಂದ ಅಲಂಕೃತವಾಗಿ ಶ್ರೀಮಂತರ ತಿಂಡಿಯಾಗಿದೆ. 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆಯನ್ನು ಕಟ್ಟಿಹಾಕಿದಾಗ, ಅದೇ ಹೋಟೆಲು ಆ ಬೆಲೆಗೆ ತನ್ನ ರುಚಿಯನ್ನು ಕೊಡಲಾಗದೆಂದು ಬಾಗಿಲು ಹಾಕಿ, ಪುಡಿಗಳನ್ನೂ ಸಿದ್ಧಹಿಟ್ಟುಗಳನ್ನೂ ಮಾರುವ ವ್ಯಾಪಾರಕ್ಕೆ ಕೈಹಾಕಿತು. ಹೋಟೆಲು ಮತ್ತೆ ತೆರೆದದ್ದು 1984ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 1983ರಲ್ಲಿ, ಜಯನಗರದಲ್ಲಿ ಮೊದಲ ದರ್ಶಿನಿ ಪ್ರಾರಂಭವಾಗಿತ್ತು. ಕುರ್ಚಿಯಿಲ್ಲ, ಮಾಣಿಯಿಲ್ಲ, ಮೊದಲು ಹಣ, ಆಮೇಲೆ ಚೀಟಿ, ಆಮೇಲೆ ತಟ್ಟೆ. ಕುಳಿತುಕೊಳ್ಳುವ ಸುಖವನ್ನು ಬಿಟ್ಟುಕೊಟ್ಟವರಿಗೆ ತಿಂಡಿ ಅಗ್ಗವಾಗಿ ದೊರೆಯಿತು. ಅಲ್ಪ ಸ್ಥಳದಲ್ಲಿ ಹೆಚ್ಚು ಜನ, ಅಲ್ಪ ಸಮಯದಲ್ಲಿ ಹೆಚ್ಚು ತಟ್ಟೆ ಎಂಬ ಆ ಲೆಕ್ಕ ಊರಿನ ಮೂಲೆಮೂಲೆಗೂ ಹರಡಿತು.

ಅಂದರೆ, ಅಂದೆಲ್ಲ ಉಪಾಯ ಹೂಡಿದವರು ಹೋಟೆಲಿನವರು. ಈಗ ಅವರ ಬತ್ತಳಿಕೆ ಬಹುಮಟ್ಟಿಗೆ ಬರಿದಾಗಿದೆ. ಕುರ್ಚಿಯನ್ನು ಒಮ್ಮೆ ತೆಗೆಯಬಹುದೇ ಹೊರತು ಎರಡು ಬಾರಿ ತೆಗೆಯಲಾಗದು. ಚಟ್ನಿಯನ್ನು ಎರಡನೆಯ ಸಲ ಹಾಕಿಸಿಕೊಂಡರೆ ಅಸಮಾಧಾನದ ನೋಟ, ಕಟ್ಟಿಸಿಕೊಂಡು ಹೋದರೆ ಡಬ್ಬಿಗೆ ಬೇರೆ ದುಡ್ಡು. ಇವು ಉಪಾಯಗಳಲ್ಲ, ಉಪಾಯ ಮುಗಿದುದರ ಗುರುತುಗಳು. ಇನ್ನು ಬುದ್ಧಿ ಖರ್ಚುಮಾಡಬೇಕಾದ ಸರದಿ ಗಿರಾಕಿಯದು.

ಗಿರಾಕಿ ಹೊರಗಿನ ತಿಂಡಿಯನ್ನು ಬಿಟ್ಟನೆ ಎಂದರೆ ಅದೂ ಇಲ್ಲ. ಕೇಂದ್ರ ಸರ್ಕಾರದ ಕುಟುಂಬ ವೆಚ್ಚ ಸಮೀಕ್ಷೆಯಂತೆ, ನಗರವಾಸಿಗಳ ಖರ್ಚಿನಲ್ಲಿ ಪಾನೀಯ, ಉಪಾಹಾರ ಮತ್ತು ಸಿದ್ಧ ಆಹಾರಗಳ ಪಾಲು 2022-23ರಲ್ಲಿ ಶೇಕಡ 10.64 ಇದ್ದದ್ದು 2023-24ರಲ್ಲಿ 11.09ಕ್ಕೆ ಏರಿತು. ಆಹಾರದ ಬಾಬುಗಳಲ್ಲೆಲ್ಲ ದೊಡ್ಡದು ಇದೇ. ಹಾಲಿಗಿಂತ, ತರಕಾರಿಗಿಂತ ದೊಡ್ಡದು. ಮನೆಗೆ ತಿಂಡಿಯನ್ನು ತಂದು ಮುಟ್ಟಿಸುವ ಕಂಪನಿಗಳ ವ್ಯವಹಾರವಂತೂ ಇನ್ನೊಂದು ವಿಚಿತ್ರ. ದರ್ಶಿನಿಯಲ್ಲಿ ವಡೆಗೆ ಐದು ರೂಪಾಯಿ ಹೆಚ್ಚಾಯಿತೆಂದು ಗೊಣಗಿದವರೇ, ಅದೇ ವಡೆಯನ್ನು ದೂರವಾಣಿಯ ಮೂಲಕ ತರಿಸಿ, ತಲುಪಿಸುವ ಕೂಲಿ, ಡಬ್ಬಿಯ ಕ್ರಯ, ಕಂಪನಿಯ ಶುಲ್ಕ ಎಲ್ಲವನ್ನೂ ತೆತ್ತು, ಮೆತ್ತಗಾದ ಮೇಲೆ ತಿನ್ನುತ್ತಾರೆ. ಎದುರಿಗೆ ಎಣಿಸಿಕೊಡುವ ಹಣ ಕಣ್ಣಿಗೆ ಕಾಣುತ್ತದೆ. ಬೆರಳ ತುದಿಯಿಂದ ಹೋಗುವ ಹಣ ಕಾಣುವುದಿಲ್ಲ.

ಈ ಚಮತ್ಕಾರಗಳೆಲ್ಲ ಮನೆಯಲ್ಲಿ ಒಲೆಯಿರುವವರಿಗೆ. ಒಲೆಯಿಲ್ಲದವರ ಪಾಡು ಬೇರೆ. ಬಾಡಿಗೆಯ ಕೋಣೆಯಲ್ಲಿ ಮೂವರು ಸೇರಿ ವಾಸಿಸುವ ವಿದ್ಯಾರ್ಥಿ, ರಾತ್ರಿ ಪಾಳಿಯ ಕಾವಲುಗಾರ, ಮೋಟಾರು ಬೈಕಿನ ಮೇಲೆ ಅನ್ಯರ ಊಟವನ್ನು ಹೊತ್ತು ತಿರುಗುವ ಹುಡುಗ, ಇವರಿಗೆ ಹೋಟೆಲೆಂಬುದು ವಿಲಾಸವಲ್ಲ, ಅಡಿಗೆಮನೆ. ಅಲ್ಲಿಯ ಬೆಲೆ ಏರಿದರೆ ಇವರು ಸಿಹಿಯನ್ನು ಬಿಡುವುದಿಲ್ಲ, ಹೊತ್ತನ್ನು ಬಿಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ತಿಂಡಿ, ಮಧ್ಯಾಹ್ನ ಒಂದಕ್ಕೆ ಊಟ ಎಂಬುದು ಹೋಗಿ, ಹನ್ನೊಂದು ಗಂಟೆಗೆ ಒಂದು ತಟ್ಟೆ ಅನ್ನ-ಸಾಂಬಾರು ಎರಡಕ್ಕೂ ಲೆಕ್ಕವಾಗುತ್ತದೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳನ್ನು ತೆರೆದು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಡಲಾರಂಭಿಸಿದಾಗ ಸಾಲಿನಲ್ಲಿ ಇಸ್ತ್ರಿಯ ಅಂಗಿ ತೊಟ್ಟವರೂ ನಿಂತದ್ದನ್ನು ಕಂಡು ಕೆಲವರು ಮೂಗು ಮುರಿದರು. ಇಸ್ತ್ರಿಯ ಅಂಗಿಯೊಳಗೂ ಹಸಿವಿರುತ್ತದೆ ಎಂಬುದನ್ನು ಅವರು ಮರೆತಿದ್ದಿರಬೇಕು.

ಒಲೆಯಿರುವ ಮನೆಗಳಲ್ಲಿ ಮಾತ್ರ ನಿಜವಾಗಿ ಹೊರೆ ಬಿದ್ದಿರುವುದು ಒಬ್ಬರ ಮೇಲೆ. ಒಂದು ಕಾಲದಲ್ಲಿ ಹೆಂಗಸರು ಹೋಟೆಲಿಗೆ ಹೋಗುವುದೇ ಅಪರೂಪ. ಹೋದರೂ 'ಫ್ಯಾಮಿಲಿ ರೂಮು' ಎಂಬ ಕೋಣೆಯಲ್ಲಿ, ಪರದೆಯ ಮರೆಯಲ್ಲಿ ಕುಳಿತು ತಿಂದು ಬರಬೇಕಾಗಿತ್ತು. ಆ ಪರದೆ ಹೋಗಿ, ಭಾನುವಾರದ ಬೆಳಗಿನ ಹೋಟೆಲು ಗೃಹಿಣಿಗೆ ವಾರದ ಏಕೈಕ ರಜವಾಗಿ ಒದಗಿದ್ದು ಸಣ್ಣ ಸಂಗತಿಯಲ್ಲ. ಅಂದು ಹಿಟ್ಟು ರುಬ್ಬಬೇಕಿಲ್ಲ, ಕಾವಲಿಯ ಮುಂದೆ ಒಬ್ಬೊಬ್ಬರಿಗೂ ದೋಸೆ ಹುಯ್ದುಕೊಟ್ಟು ಕೊನೆಗೆ ತಾನು ಆರಿದ್ದನ್ನು ತಿನ್ನಬೇಕಿಲ್ಲ. ಈಗ 'ವಾರವಾರ ಬೇಡ, ತಿಂಗಳಿಗೊಮ್ಮೆ ಸಾಕು' ಎಂದು ಯಜಮಾನರು ತೀರ್ಮಾನಿಸಿ ನಾಲ್ಕೈದು ನೂರು ರೂಪಾಯಿ ಉಳಿಯಿತೆಂದು ಲೆಕ್ಕ ಬರೆಯುತ್ತಾರೆ. ಆ ಉಳಿತಾಯ ಯಾರ ಕೈಯಿಂದ ಬಂತು ಎಂದು ಬರೆಯಲು ಆ ಪುಸ್ತಕದಲ್ಲಿ ಸ್ಥಳವಿಲ್ಲ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ ಗಂಡಸರು 88 ನಿಮಿಷಗಳನ್ನೂ ಅದರಲ್ಲಿ ಕಳೆಯುತ್ತಾರೆ. ಆ 88ರಲ್ಲಿ ಒಲೆಯ ಮುಂದೆ ಕಳೆದವು ಎಷ್ಟೆಂಬುದನ್ನು ಅವರವರ ಮನೆಯಲ್ಲಿಯೇ ಕೇಳಿ ತಿಳಿದುಕೊಳ್ಳಬಹುದು.

ಜಯನಗರದ ಒಂದು ಮನೆಯಲ್ಲಿ ಈ ವಿಷಯ ಬೇರೊಂದು ತಿರುವನ್ನು ಪಡೆಯಿತು. ಗಂಡ ಬ್ಯಾಂಕಿನಲ್ಲಿ ಅಧಿಕಾರಿ, ಹೆಂಡತಿ ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿ, ಇಬ್ಬರು ಮಕ್ಕಳು. ಹೋಟೆಲು ತಿಂಗಳಿಗೊಮ್ಮೆ ಎಂಬ ಮಸೂದೆಯನ್ನು ಗಂಡ ಮಂಡಿಸಿದಾಗ ಆಕೆ ವಿರೋಧಿಸಲಿಲ್ಲ. "ಆಗಲಿ. ನೀವು ಹೇಳುವುದು ಸರಿಯಾಗಿಯೇ ಇದೆ. ಆದರೆ ಮಿಕ್ಕ ಭಾನುವಾರಗಳಲ್ಲಿ ಬೆಳಿಗ್ಗೆ ಒಲೆ ಹಚ್ಚುವವಳು ನಾನಲ್ಲ" ಎಂದಷ್ಟೇ ಹೇಳಿದಳು. ಮೊದಲ ಭಾನುವಾರ ಅವರು ಅವಲಕ್ಕಿಗೆ ಕೈಹಾಕಿದರು. ತೆಳು ಅವಲಕ್ಕಿಯನ್ನು ಗಟ್ಟಿ ಅವಲಕ್ಕಿಯಂತೆ ಹತ್ತು ನಿಮಿಷ ನೆನೆಯಿಟ್ಟದ್ದರಿಂದ ಆದ ಪದಾರ್ಥವನ್ನು ನೋಡಿ, "ಇದರ ಹೆಸರೇನಪ್ಪಾ?" ಎಂದು ಮಗಳು ಕೇಳಿದಳು. ಎರಡನೆಯ ವಾರ ಉಪ್ಪಿಟ್ಟು. ಗಂಟುಗಳನ್ನು ಬಿಟ್ಟರೆ ಚೆನ್ನಾಗಿತ್ತು. ಮೂರನೆಯ ವಾರದ ಉಪ್ಪಿಟ್ಟಿನಲ್ಲಿ ಗಂಟೂ ಇರಲಿಲ್ಲ. ಆಕೆ ಜಗಲಿಯಲ್ಲಿ ಕುಳಿತು ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದಿ ಮುಗಿಸಿ, ಇನ್ನೊಂದು ಕಾಫಿ ಸಿಕ್ಕೀತೆ ಎಂದು ಕೇಳಿದಳು.

"ಹಾಲು ಸ್ವಲ್ಪವೇ ಉಳಿದಿದೆ. ಬೈ ಟೂ ಮಾಡಲೆ?" ಎಂದು ಅಡಿಗೆಮನೆಯಿಂದ ದನಿ ಬಂತು.

"ಬೇಡ, ಒಂದೇ ಸಾಕು. ಪೂರ್ತಿ ಲೋಟ."